ಹೆಸರಿನೊಳಗಿನ ಕೋಲನ್

12 ಮಾರ್ಚ್ 2025, ಬುಧವಾರ ರಾತ್ರಿ

ಬೆಳಿಗ್ಗೆ ತಂಗಿ ಫೋನ್ ಮಾಡಿದಳು. "ಅಣ್ಣಾ, ನೀನು ಸರ್ವರ್‌ಗೆ ಹಾಕಿದ ರೆಕಾರ್ಡಿಂಗ್ ಒಂದೂ ಸಿಗ್ತಿಲ್ಲ. ಏನೇನೋ ಹೆಸರು ಬರ್ತಿದೆ."

ಅವಳದು ವಿಂಡೋಸ್, ನನ್ನದು ಲಿನಕ್ಸ್. ನಡುವೆ ಸಾಂಬಾ (ಲಿನಕ್ಸ್‌ನ ಫೋಲ್ಡರ್‌ಗಳನ್ನು ವಿಂಡೋಸ್‌ಗೂ ತೋರಿಸುವ ತಂತ್ರಾಂಶ) ಮೂಲಕ ಹಂಚಿಕೊಂಡ ಒಂದು ಫೋಲ್ಡರ್. ಸ್ಕ್ರೀನ್‌ಶಾಟ್ ತರಿಸಿಕೊಂಡೆ. 41 ಫೈಲ್‌ಗಳೂ ಇದ್ದವು. ಆದರೆ ಎಲ್ಲದಕ್ಕೂ ಎಂಟೆಂಟು ಅಕ್ಷರದ ಹೆಸರು: ಮೊದಲು 2, ಆಮೇಲೆ ಅರ್ಥವಿಲ್ಲದ ಐದು ಅಕ್ಷರ, ಒಂದು ಟಿಲ್ಡೆ (~), ಮತ್ತೊಂದು ಅಕ್ಷರ.

ನೋಡಿದ ಕೂಡಲೇ ಗೊತ್ತಾಯಿತು. ನನ್ನ ರೆಕಾರ್ಡಿಂಗ್ ಆ್ಯಪ್ ಹೆಸರಿಗೆ ಸಮಯ ಸೇರಿಸುತ್ತದೆ, "2025-03-10 10:30" ಅಂತ. ಆ ಕೋಲನ್ನಿನದೇ ತೊಂದರೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಬೇಡವಾದದ್ದು ಎರಡೇ: ಓರೆಗೆರೆ (/) ಮತ್ತು ಸೊನ್ನೆ ಬೈಟ್ (ಬೈಟ್ ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಚಿಕ್ಕ ಅಳತೆ; ಇದು ಬೆಲೆ ಸೊನ್ನೆ ಇರುವಂಥದ್ದು). ವಿಂಡೋಸ್‌ನಲ್ಲಿ ಕೋಲನ್, ಪ್ರಶ್ನಾರ್ಥಕ, ನಕ್ಷತ್ರ, ನೇರಗೆರೆ (|) ಯಾವುದೂ ಆಗದು. ಹೆಸರಿನ ಕೊನೆಗೆ ಚುಕ್ಕೆ ಬಂದರೂ ಕಷ್ಟ. ಪಾಪ, ಸಾಂಬಾ ಏನು ಮಾಡೀತು? ಗಿಡ್ಡ ಹೆಸರು ಕೊಟ್ಟು ಫೈಲ್ ಅಂತೂ ಕಾಣುವಂತೆ ಮಾಡಿತ್ತು. ಒಳಗಿನ ದನಿಗೆ ಏನೂ ಆಗಿರಲಿಲ್ಲ.

ಸಾಂಬಾದಲ್ಲಿ ಕ್ಯಾಟಿಯಾ ಅನ್ನೋ ಮಾಡ್ಯೂಲ್ (ಬೇಕಾದರೆ ಸೇರಿಸಿಕೊಳ್ಳುವ ಭಾಗ) ಇದೆ. ಕೋಲನ್ ಇದ್ದ ಕಡೆ ಭಾಗಾಕಾರದ ಚಿಹ್ನೆ ತೋರಿಸು ಅಂತ ಅದಕ್ಕೆ ಹೇಳಬಹುದು. ಹಾಕಿ ನೋಡಿದೆ. ತಂಗಿಗೆ "10÷30" ಕಂಡಿತು. "ಇಷ್ಟು ಸಾಕು ಬಿಡು" ಅಂದಳು. ನನಗೆ ಸಮಾಧಾನ ಆಗಲಿಲ್ಲ. ಡಿಸ್ಕ್‌ನಲ್ಲಿ ಒಂದು ಹೆಸರು, ಕಣ್ಣಿಗೆ ಇನ್ನೊಂದು. ನಾಳೆ ಅವಳು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡರೆ ಅಲ್ಲಿ ಭಾಗಾಕಾರವೇ ಉಳಿಯುತ್ತದೆ. ಆ ಹೆಸರು ಹಿಡಿದು ನಾನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ತೆಗೆದುಬಿಟ್ಟೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲೇ ಸಮಯವನ್ನು 10-30 ಎಂದು ಬರೆಯುವಂತೆ ಮಾಡಿ, ಹಳೆಯ ಫೈಲ್‌ಗಳನ್ನೂ ಒಂದು ಚಿಕ್ಕ ಸ್ಕ್ರಿಪ್ಟ್‌ನಿಂದ ಬದಲಾಯಿಸಿದೆ. ಹೊಸ ಹೆಸರಿನ ಫೈಲ್ ಆಗಲೇ ಇದೆಯಾ ಎಂದು ಮೊದಲು ನೋಡುವ ಸಾಲೊಂದನ್ನು ಅದರಲ್ಲಿ ಸೇರಿಸಿದ್ದೆ. ಅದಿಲ್ಲದಿದ್ದರೆ ಒಂದು ಇನ್ನೊಂದನ್ನು ಅಳಿಸಿಬಿಡಬಹುದು, ಅಲ್ವಾ?

ಮುಗಿಯಿತು ಅಂದುಕೊಳ್ಳುವಾಗ ಕಣ್ಣಿಗೆ ಬಿತ್ತು: ಅಲ್ಲೇ "ಫೋಟೋ" ಅನ್ನೋ ಫೋಲ್ಡರ್ ಎರಡಿದ್ದವು! ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ. ಬೈಟ್‌ಗಳನ್ನೇ ಬಿಡಿಸಿ ನೋಡಿದೆ. ಒಂದರ ಹೆಸರು 12 ಬೈಟ್, ಇನ್ನೊಂದರದು 24. ಮೊದಲನೆಯದರಲ್ಲಿ ಫ, ಓತ್ವ, ಟ, ಓತ್ವ, ಒಟ್ಟು ನಾಲ್ಕೇ ಸಂಕೇತ. ಎರಡನೆಯದರಲ್ಲಿ ಪ್ರತಿ ಓತ್ವವೂ ಮೂರು ತುಂಡು: ಎತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ. ಅದು ಹಳೆಯ ಮ್ಯಾಕ್ ಡಿಸ್ಕ್‌ನಿಂದ ಬಂದ ಫೋಲ್ಡರ್. ಅಲ್ಲಿನ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಫೈಲ್ ವ್ಯವಸ್ಥೆ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ) ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಮಾನದಂಡ) ಪ್ರಕಾರ ಎರಡೂ ಒಂದೇ. ನನ್ನ ಲಿನಕ್ಸ್ ಡಿಸ್ಕ್ ಮಾತ್ರ ಬೈಟ್ ನೋಡುತ್ತದೆ, ಹಾಗಾಗಿ ಎರಡು ಫೋಲ್ಡರ್.

ನಮ್ಮ ಭಾಷೆಯಲ್ಲಿ ಹೆಸರಿಡುವವರು ಇದನ್ನು ತಿಳಿದಿರಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ 85 ಸಂಕೇತಕ್ಕೆ ಮುಗಿಯಿತು. ಸ್ವರಚಿಹ್ನೆ ಬಿಡಿಸಿಟ್ಟರೆ ಇನ್ನೂ ಬೇಗ. ಅದಕ್ಕೆಂದು ಇಂಗ್ಲಿಷ್‌ನಲ್ಲೇ ಹೆಸರಿಡಿ ಅಂತ ನಾನು ಹೇಳಲಾರೆ. ಕನ್ನಡದಲ್ಲೇ ಇಡಿ, ಗಿಡ್ಡವಾಗಿ ಇಡಿ.

ಎರಡೂ ಫೋಲ್ಡರ್‌ಗಳ ಫೋಟೋಗಳನ್ನು ಕೈಯಿಂದಲೇ ಒಂದರೊಳಗೆ ಸೇರಿಸಿದೆ. ಒಳಗಿನ ಹೆಸರುಗಳಲ್ಲಿ ಬಿಡಿಯಾಗಿದ್ದ ಸ್ವರಚಿಹ್ನೆಗಳನ್ನು ಕನ್ವ್‌ಎಂವಿ (ಫೈಲ್ ಹೆಸರಿನ ಸಂಕೇತ ಬದಲಾಯಿಸುವ ಸಾಧನ) ಕೂಡಿಸಿಕೊಟ್ಟಿತು. ಅದು ಮೊದಲು ಏನು ಮಾಡುತ್ತೇನೆ ಎಂದು ತೋರಿಸುತ್ತದೆ ಅಷ್ಟೇ, ನಾವು ಹೇಳಿದ ಮೇಲೆಯೇ ಹೆಸರು ಬದಲಾಯಿಸುತ್ತದೆ.

ಸಂಜೆ ತಂಗಿ 41ನ್ನೂ ತೆರೆದು ಕೇಳಿದಳು. ಬ್ಯಾಕಪ್ ಇನ್ನೂ ಬಾಕಿ. ಬ್ಯಾಕಪ್‌ಗೆ ಕಾಪಿ ಮಾಡುವ ಆರ್‌ಸಿಂಕ್‌ಗೆ ಇವೆಲ್ಲ ಹೊಸ ಫೈಲ್‌ಗಳೇ, ಮತ್ತೆ ಕಾಪಿ ಮಾಡುತ್ತದೆ. ಹಳೆಯ ಹೆಸರಿನವು ಅಲ್ಲೇ ಉಳಿಯುತ್ತವೆ. ನಾಳೆ ಒಂದೊಂದನ್ನೂ ಹೋಲಿಸಿ ನೋಡಿ ಆಮೇಲೆ ಅಳಿಸುತ್ತೇನೆ.