ಬೆಂಗಳೂರಿನಿಂದ ಗುವಾಹಟಿಗೆ ರೈಲಿನಲ್ಲಿ ಬೈಕು: ಹೊರಡುವವರಿಗೆ ನನ್ನ ಅನುಭವ

ಬೆಂಗಳೂರಿನಿಂದ ಗುವಾಹಟಿಗೆ ರಸ್ತೆಯ ಮೇಲೆ ಹೆಚ್ಚುಕಡಿಮೆ 3,000 ಕಿಲೋಮೀಟರ್ ದೂರವಿದೆ. ದಿನಕ್ಕೆ 500 ಕಿ.ಮೀ. ಓಡಿಸಿದರೂ ಹೋಗಲು ಆರು ದಿನ, ಬರಲು ಆರು ದಿನ ಬೇಕು. ನನಗೆ ಸಿಕ್ಕಿದ್ದು 16 ದಿನಗಳ ರಜೆ; ಅದರಲ್ಲಿ 12 ದಿನಗಳನ್ನು ಹೆದ್ದಾರಿಗೇ ಕೊಟ್ಟು, ಉಳಿದ ನಾಲ್ಕರಲ್ಲಿ ಅರುಣಾಚಲ ಪ್ರದೇಶದ ತವಾಂಗನ್ನು ಮುಟ್ಟಿ ಬರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಗುವಾಹಟಿಯಲ್ಲಿ ಬಾಡಿಗೆ ಬೈಕುಗಳು ಸಿಗುತ್ತವೆ. ಆದರೆ 4,000 ಮೀಟರ್ ಎತ್ತರದ ಮಲೆಗಳಲ್ಲಿ ಒಂಟಿಯಾಗಿ ಓಡಿಸುವಾಗ ಬ್ರೇಕಿನ ಹಿಡಿತವೂ ಎಂಜಿನ್ನಿನ ಪ್ರತಿ ಸದ್ದೂ ಪರಿಚಯವಿರುವ ಸ್ವಂತ ಬೈಕೇ ಜೊತೆಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಅಕ್ಟೋಬರ್ ಕೊನೆಯ ವಾರದಲ್ಲಿ ಬೈಕನ್ನು ರೈಲಿಗೆ ಹಾಕಿ, ಅದೇ ರೈಲಿನಲ್ಲಿ ನಾನೂ ಹೊರಟೆ.

ಮೊದಲು ತಿಳಿದಿರಬೇಕಾದದ್ದು ಲಗೇಜಿಗೂ ಪಾರ್ಸೆಲ್ಲಿಗೂ ಇರುವ ವ್ಯತ್ಯಾಸ. ಎರಡಕ್ಕೂ ಹೋಗುವುದು ಸಾಮಾನ್ಯವಾಗಿ ನಿಲ್ದಾಣದ ಪಾರ್ಸೆಲ್ ಕಚೇರಿಗೇ ಆದ್ದರಿಂದ ಅನೇಕರು ಇವನ್ನು ಒಂದೇ ಎಂದು ತಿಳಿಯುತ್ತಾರೆ. ನಿಮ್ಮ ಬಳಿ ಅದೇ ರೈಲಿನ ಟಿಕೆಟ್ ಇದ್ದು, ಅದನ್ನು ತೋರಿಸಿ ಬೈಕನ್ನು ಬುಕ್ ಮಾಡಿದರೆ ಅದು ಲಗೇಜು. ನಿಮ್ಮ ಜೊತೆಗೇ, ನಿಮ್ಮ ರೈಲಿನಲ್ಲೇ ಬರಬೇಕಾದ ಸಾಮಾನು. ಟಿಕೆಟ್ ಇಲ್ಲದೆ ಕಳುಹಿಸಿದರೆ ಅದು ಪಾರ್ಸೆಲ್. ಯಾವ ರೈಲಿನಲ್ಲಿ ಜಾಗವಾಗುತ್ತದೋ ಆಗ ಹೋಗುತ್ತದೆ. ಲಗೇಜಿನ ದರ ಪಾರ್ಸೆಲ್ಲಿಗಿಂತ ಹೆಚ್ಚು. ಪ್ರಯಾಣಿಕರಿಗೆ ಉಚಿತವಾಗಿ ಒಯ್ಯಲು ಅವಕಾಶವಿರುವ ತೂಕದಲ್ಲಿ ದ್ವಿಚಕ್ರ ವಾಹನ ಸೇರುವುದಿಲ್ಲವಾದ್ದರಿಂದ ಪೂರ್ತಿ ತೂಕಕ್ಕೂ ಹಣ ತೆರಬೇಕು. ಆದರೂ ಹೋಗುವಾಗ ಲಗೇಜಾಗಿಯೇ ಕಳುಹಿಸಿ ಎನ್ನುತ್ತೇನೆ. ರಜೆಯ ಆರಂಭದಲ್ಲಿ ಕಳೆದುಹೋಗುವ ಒಂದೊಂದು ದಿನದ ಬೆಲೆ ಆ ದರದ ವ್ಯತ್ಯಾಸಕ್ಕಿಂತ ದೊಡ್ಡದು.

ಲಗೇಜಾಗಿ ಬುಕ್ ಮಾಡಿದ ಮಾತ್ರಕ್ಕೆ ಜಾಗ ಖಚಿತವೆಂದೂ ಭಾವಿಸಬಾರದು. ಎಕ್ಸ್‌ಪ್ರೆಸ್ ರೈಲುಗಳ ಸಾಮಾನಿನ ಡಬ್ಬಿಗಳು ಗಾಡಿಯ ತುದಿಗಳಲ್ಲಿರುತ್ತವೆ. ಅವುಗಳಲ್ಲಿ ಹಲವನ್ನು ರೈಲ್ವೆ ಇಲಾಖೆ ಖಾಸಗಿ ಗುತ್ತಿಗೆದಾರರಿಗೆ ಗುತ್ತಿಗೆಗೆ ಕೊಟ್ಟಿರುತ್ತದೆ. ಉಳಿದ ಜಾಗದಲ್ಲೇ ಎಲ್ಲರ ಲಗೇಜೂ ಪಾರ್ಸೆಲ್ಲೂ ಹೋಗಬೇಕು. ಆದ್ದರಿಂದ ಪ್ರಯಾಣಕ್ಕೆ ಎರಡು ದಿನ ಮೊದಲು ಬರಿಗೈಯಲ್ಲಿ ಕಚೇರಿಗೆ ಹೋಗಿ, ನಿಮ್ಮ ರೈಲಿನ ಸಂಖ್ಯೆಯನ್ನು ಹೇಳಿ, ಅದರಲ್ಲಿ ದ್ವಿಚಕ್ರ ವಾಹನ ಹಾಕುತ್ತಾರೆಯೇ, ಎಷ್ಟು ಹೊತ್ತಿಗೆ ತರಬೇಕು ಎಂದು ಕೇಳಿಕೊಂಡು ಬನ್ನಿ. ರೈಲು ಹೊರಡುವ ಮೊದಲ ನಿಲ್ದಾಣದಿಂದಲೇ ಹತ್ತಿಸುವುದೂ, ಕೊನೆಯ ನಿಲ್ದಾಣದಲ್ಲಿ ಇಳಿಸುವುದೂ ಒಳ್ಳೆಯದು. ನಡುವಿನ ನಿಲ್ದಾಣದಲ್ಲಿ ಗಾಡಿ ಐದು ನಿಮಿಷವಷ್ಟೇ ನಿಲ್ಲುವುದಾದರೆ ಬೈಕನ್ನು ಹತ್ತಿಸಲೂ ಇಳಿಸಲೂ ಸಮಯ ಸಾಲದು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಗುವಾಹಟಿಗೆ ಹೋಗುವ 12509 ಸಂಖ್ಯೆಯ ರೈಲನ್ನು ನಾನು ಆರಿಸಿಕೊಂಡದ್ದು ಅದು ಬೆಂಗಳೂರಿನಲ್ಲೇ ಹೊರಟು ಗುವಾಹಟಿಯಲ್ಲೇ ಮುಗಿಯುತ್ತದೆ ಎಂಬ ಕಾರಣಕ್ಕೆ.

ಕಾಗದಪತ್ರಗಳು ಹೆಚ್ಚೇನಿಲ್ಲ: ಆರ್‌ಸಿ, ವಿಮೆ, ಆಧಾರ್ ಅಥವಾ ಚಾಲನಾ ಪರವಾನಗಿ, ರೈಲಿನ ಟಿಕೆಟ್, ಇವುಗಳ ಎರಡೆರಡು ನಕಲು. ಬೈಕು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವನ್ನೂ ಗುರುತಿನ ಚೀಟಿಯ ನಕಲನ್ನೂ ಒಯ್ಯಿರಿ. ಈ ಪತ್ರ ರೈಲಿಗಿಂತಲೂ ಮುಂದೆ ಅರುಣಾಚಲದ ತಪಾಸಣಾ ಗೇಟುಗಳಲ್ಲಿ ನೆರವಾಗುತ್ತದೆ.

ಪೆಟ್ರೋಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟ್ಯಾಂಕು ಪೂರ್ತಿ ಖಾಲಿಯಿರಬೇಕೆಂಬುದು ಔಪಚಾರಿಕತೆಯಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ವಸ್ತುವನ್ನು ನಿಯಮ ಮೀರಿ ರೈಲಿಗೆ ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅದರಿಂದಾದ ನಷ್ಟಕ್ಕೂ ಅವರೇ ಹೊಣೆ. ಮುಚ್ಚಿದ ಡಬ್ಬಿಯಲ್ಲಿ ಪೆಟ್ರೋಲಿನ ಆವಿ ತುಂಬಿಕೊಂಡರೆ ಏನಾಗಬಹುದೆಂದು ನೆನೆದರೆ ಕಾನೂನಿನ ಮಾತೇ ಬೇಕಾಗುವುದಿಲ್ಲ. ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಟ್ಯಾಂಕಿನ ಕೆಳಗಿನ ಪೈಪನ್ನು ಬಿಚ್ಚಿದರೆ ಪೆಟ್ರೋಲು ತಾನಾಗಿ ಇಳಿದುಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆ ಕುರಿತ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್ನಿನವು. ಅವುಗಳ ಪಂಪು ಟ್ಯಾಂಕಿನ ಒಳಗೇ ಇರುವುದರಿಂದ ಮೇಲಿನ ಬಾಯಿಯಿಂದ ಕೈಪಂಪಿನ ಕೊಳವೆ ಇಳಿಬಿಟ್ಟು ಹೀರಿ ತೆಗೆಯಬೇಕು. ಎಂಜಿನ್ ನಿಲ್ಲುವವರೆಗೆ ಓಡಿಸಿಯೇ ಖಾಲಿ ಮಾಡುತ್ತೇನೆಂದು ಹೊರಡಬೇಡಿ, ಪೆಟ್ರೋಲಿಲ್ಲದೆ ತಿರುಗಿದ ಪಂಪು ಹಾಳಾಗುತ್ತದೆ. ನಾನು ಲೆಕ್ಕ ತಪ್ಪಿ ಎರಡು ಲೀಟರಿಗೂ ಹೆಚ್ಚು ಪೆಟ್ರೋಲು ಉಳಿಸಿಕೊಂಡು ನಿಲ್ದಾಣ ತಲುಪಿದ್ದೆ. ಅದನ್ನು ತೆಗೆದು, ಬೀಳ್ಕೊಡಲು ಬಂದಿದ್ದ ಗೆಳೆಯನ ಸ್ಕೂಟರಿಗೆ ಸುರಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಹಿಂದಿನ ವಾರದಿಂದಲೇ ಅಷ್ಟಷ್ಟೇ ಹಾಕಿಸಿಕೊಂಡು, ಕೊನೆಯ ದಿನ ರಿಸರ್ವ್‌ನಲ್ಲಿ ತಲುಪುವಂತೆ ನೋಡಿಕೊಳ್ಳುವುದು ಜಾಣತನ.

ಪ್ಯಾಕಿಂಗ್ ಮಾಡುವವರು ಸಾಮಾನ್ಯವಾಗಿ ಪಾರ್ಸೆಲ್ ಕಚೇರಿಯ ಹೊರಗೇ ಇರುತ್ತಾರೆ. ಅವರು ರೈಲ್ವೆ ನೌಕರರಲ್ಲವಾದ್ದರಿಂದ ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ. ಗೋಣಿತಾಟು, ರಟ್ಟು, ಹಗ್ಗ ಅವರ ಬಳಿಯೇ ಇರುತ್ತವೆ. ಆದರೆ ಟ್ಯಾಂಕಿಗೆ ಸುತ್ತಲು ಒಂದು ಹಳೆಯ ಕಂಬಳಿಯನ್ನೂ, ಹೆಡ್‌ಲೈಟಿಗೆ ದಪ್ಪ ಫೋಮನ್ನೂ ನಾನೇ ಒಯ್ದಿದ್ದೆ, ಅದು ಸಾರ್ಥಕವಾಯಿತು. ಕನ್ನಡಿಗಳನ್ನು ಮನೆಯಲ್ಲೇ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಕ್ಲಚ್ಚು ಮತ್ತು ಬ್ರೇಕಿನ ಲಿವರ್‌ಗಳನ್ನು ಹ್ಯಾಂಡಲಿಗೆ ಬಿಗಿದಿರುವ ಸ್ಕ್ರೂಗಳನ್ನು ತುಸು ಸಡಿಲಿಸಿದರೆ, ಬೈಕು ಪಕ್ಕಕ್ಕೆ ಬಿದ್ದರೂ ಲಿವರ್ ತಿರುಗಿಕೊಳ್ಳುತ್ತದೆಯೇ ಹೊರತು ಮುರಿಯುವುದಿಲ್ಲ. ಇಳಿಸಿಕೊಂಡ ಮೇಲೆ ಓಡಿಸುವ ಮೊದಲು ಅವನ್ನು ಮರೆಯದೆ ಬಿಗಿಯಬೇಕು. ಹ್ಯಾಂಡಲ್ ಲಾಕ್ ಮಾಡಬೇಡಿ, ಗೇರು ನ್ಯೂಟ್ರಲ್‌ನಲ್ಲಿರಲಿ. ತಳ್ಳಲು ಬಾರದ ಬೈಕನ್ನು ಹಮಾಲಿಗಳು ಎಳೆದಾಡಲೇಬೇಕಾಗುತ್ತದೆ, ಪೆಟ್ಟಾಗುವುದು ಆಗಲೇ. ಕೀಲಿಯನ್ನು ಮಾತ್ರ ಯಾರಿಗೂ ಕೊಡಬೇಡಿ. ಹೊರಡುವ ನಿಲ್ದಾಣ, ತಲುಪುವ ನಿಲ್ದಾಣ, ರೈಲಿನ ಸಂಖ್ಯೆ, ಬೈಕಿನ ನಂಬರು, ನಿಮ್ಮ ಹೆಸರು ಮತ್ತು ಫೋನ್ ಸಂಖ್ಯೆಯನ್ನು ರಟ್ಟಿನ ಮೇಲೆ ಅಳಿಸದ ಶಾಯಿಯಲ್ಲಿ ಬರೆದು ಎರಡು ಕಡೆ ಕಟ್ಟಿ. ಸುತ್ತುವ ಮೊದಲು ನಾಲ್ಕು ದಿಕ್ಕಿನಿಂದಲೂ ಓಡೋಮೀಟರಿನದೂ ಫೋಟೋ ತೆಗೆದಿಟ್ಟುಕೊಳ್ಳಿ.

ಬುಕ್ ಮಾಡುವಾಗ ಬೈಕಿನ ಮೌಲ್ಯ ಎಷ್ಟೆಂದು ಬರೆಯಬೇಕಾಗುತ್ತದೆ. ರೈಲ್ವೆ ಕಾಯ್ದೆಯ 103ನೇ ಸೆಕ್ಷನ್ನಿನಂತೆ, ಮೌಲ್ಯವನ್ನು ಘೋಷಿಸಿ ಅದಕ್ಕೆ ನಿಗದಿಯಾದ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಪರಿಹಾರವು ಸಾಮಾನಿನ ತೂಕದ ಲೆಕ್ಕದಲ್ಲಿ ಸೀಮಿತವಾಗುತ್ತದೆ. ಲಕ್ಷಾಂತರ ರೂಪಾಯಿಯ ಬೈಕಿಗೆ ಅದು ಏನೇನೂ ಅಲ್ಲ. ಈ ಶುಲ್ಕವನ್ನು ಕಟ್ಟಿ, ರಸೀದಿಯಲ್ಲಿ ಮೌಲ್ಯ ನಮೂದಾಗಿದೆಯೇ ಎಂದು ಅಲ್ಲೇ ಓದಿ ನೋಡಿ. ಮೂಲ ರಸೀದಿ ಕಳೆದರೆ ಬೈಕು ಬಿಡಿಸಿಕೊಳ್ಳಲು ಮುಚ್ಚಳಿಕೆ ಬರೆದುಕೊಡುವ ಪ್ರಸಂಗ ಬರುತ್ತದೆ. ಆದ್ದರಿಂದ ಅದನ್ನು ಟಿಕೆಟಿನ ಜೊತೆಯಲ್ಲಲ್ಲ, ಬೇರೆಯೇ ಇಟ್ಟುಕೊಳ್ಳಿ.

ಆಂಧ್ರ, ಒಡಿಶಾ, ಬಂಗಾಳಗಳನ್ನು ದಾಟಿ ರೈಲು ಗುವಾಹಟಿ ಮುಟ್ಟಲು ಎರಡು ದಿನಕ್ಕಿಂತ ಹೆಚ್ಚು ಬೇಕು. ಇಳಿದ ತಕ್ಷಣ ಚೀಲಗಳೊಂದಿಗೆ ನೇರವಾಗಿ ಸಾಮಾನಿನ ಡಬ್ಬಿಯ ಬಳಿ ನಡೆದುಬಿಡಿ. ನಿಮ್ಮ ಬೈಕು ಇಳಿಯುವುದನ್ನು ಕಣ್ಣಾರೆ ಕಂಡರೆ ಅರ್ಧ ಆತಂಕ ಅಲ್ಲೇ ಮುಗಿಯುತ್ತದೆ. ನನ್ನದು ಮೂರು ಫ್ರಿಜ್ಜುಗಳ ಹಿಂದಿನಿಂದ ಹೊರಬಂದಾಗ, ಗೋಣಿಯೊಳಗಿದ್ದರೂ, ಹ್ಯಾಂಡಲಿನ ಓರೆಯಿಂದಲೇ ಗುರುತು ಹಿಡಿದೆ. ಒಂದು ವೇಳೆ ಬೈಕು ಆ ರೈಲಿನಲ್ಲಿ ಬಾರದಿದ್ದರೆ ಮುಂದಿನದಕ್ಕಾಗಿ ಕಾಯುವುದೊಂದೇ ದಾರಿ. ಇದಕ್ಕಾಗಿಯೇ ಗುವಾಹಟಿಯಲ್ಲಿ ಒಂದು ಪೂರ್ತಿ ದಿನವನ್ನು ಬಿಡುವಾಗಿ ಇಟ್ಟುಕೊಳ್ಳಬೇಕು, ಮರುದಿನದ ವಸತಿಯನ್ನು ಬೇರೆ ಊರಿನಲ್ಲಿ ಮುಂಗಡ ಹಣ ಕೊಟ್ಟು ಗೊತ್ತುಮಾಡಿಕೊಳ್ಳಬಾರದು. ಬೈಕು ಸಮಯಕ್ಕೆ ಬಂದದ್ದರಿಂದ ಆ ದಿನವನ್ನು ನಾನು ಬ್ರಹ್ಮಪುತ್ರದ ದಡದಲ್ಲಿ ಕಳೆದೆ.

ಗೋಣಿ ಕತ್ತರಿಸಲು ಕತ್ತರಿ, ಕನ್ನಡಿ ಕೂರಿಸಲು 14ರ ಸ್ಪ್ಯಾನರ್ ಚೀಲದ ಮೇಲ್ಭಾಗದಲ್ಲೇ ಇರಲಿ. ಬಾಟಲಿಗೆ ಪೆಟ್ರೋಲು ಕೊಡಲು ಬಂಕುಗಳು ಒಪ್ಪದಿರಬಹುದಾದ್ದರಿಂದ, ನಿಲ್ದಾಣಕ್ಕೆ ಹತ್ತಿರದ ಬಂಕು ಎಲ್ಲಿದೆ, ದಾರಿಯಲ್ಲಿ ಏರು ಇದೆಯೇ ಎಂದು ನಕ್ಷೆಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ತುಂಬಿದ ಚೀಲಗಳನ್ನು ಹೇರಿದ ಬೈಕನ್ನು ನಿಲ್ದಾಣದ ಪಕ್ಕದ ಪಲ್ಟನ್ ಬಜಾರಿನ ಜನಸಂದಣಿಯಲ್ಲಿ ತಳ್ಳುವುದು ಒಬ್ಬರಿಂದ ಕಷ್ಟ. ಚೀಲಗಳನ್ನು ಮೊದಲು ಕೋಣೆಯಲ್ಲಿಟ್ಟು ಬಂದರೆ ಕೆಲಸ ಹಗುರಾಗುತ್ತದೆ.

ಮುಂದಿನ ದಾರಿಯ ಬಗ್ಗೆ ಅಗತ್ಯವಾದಷ್ಟನ್ನು ಮಾತ್ರ ಹೇಳುತ್ತೇನೆ. ಅರುಣಾಚಲ ಪ್ರವೇಶಿಸಲು ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತದೆ, ಮುದ್ರಿಸಿ ಒಯ್ಯಿರಿ, ಗಡಿಯ ಭಾಲುಕ್‌ಪೊಂಗ್‌ನಲ್ಲಿ ಕೇಳುತ್ತಾರೆ. ನವೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಮ್ಮ ಊರಿನ ಲೆಕ್ಕದಲ್ಲಿ ಎಂಟು ಗಂಟೆಗೆ ಹೊರಟು ಆರಕ್ಕೆ ತಲುಪುವ ಯೋಜನೆ ಅಲ್ಲಿ ನಡೆಯದು, ಬೆಳಗಿನ ಐದೂವರೆಗೇ ಬೈಕೇರಬೇಕು. 13,700 ಅಡಿಯ ಸೇಲಾ ಕಣಿವೆಮಾರ್ಗವನ್ನು ತಪ್ಪಿಸುವ ಸುರಂಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದರಿಂದ ಹಿಮ ಬೀಳುವ ದಿನಗಳಲ್ಲಿ ತವಾಂಗಿನ ದಾರಿ ಮೊದಲಿಗಿಂತ ಸುಲಭ. ಸೇಲಾ ಸರೋವರವನ್ನು ನೋಡಬೇಕೆನ್ನುವವರು ಮಾತ್ರ ಹಳೆಯ ರಸ್ತೆಯನ್ನೇ ಹತ್ತಬೇಕು. ದಾರಿಯಲ್ಲಿ ಸಿಗುವ ದಿರಾಂಗ್‌ನಲ್ಲಿ ಒಂದು ರಾತ್ರಿ ತಂಗಿದರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಸ್ವಲ್ಪ ನೆರವಾಗುತ್ತದೆ.

ಹಿಂದಿರುಗುವಾಗ ಬೈಕನ್ನು ಪಾರ್ಸೆಲ್ ಆಗಿ ಕಳುಹಿಸಿ ನಾನು ವಿಮಾನದಲ್ಲಿ ಬಂದೆ. ಆಗ ಅವಸರವಿರಲಿಲ್ಲವಾದ್ದರಿಂದ ಕಡಿಮೆ ದರವೇ ಸೂಕ್ತವಾಗಿತ್ತು. ಪಾರ್ಸೆಲ್ ರಸೀದಿಯ ಸಂಖ್ಯೆಯನ್ನು ರೈಲ್ವೆಯ ಪಾರ್ಸೆಲ್ ಜಾಲತಾಣದಲ್ಲಿ ಹಾಕಿ ದಿನಕ್ಕೊಮ್ಮೆ ನೋಡುತ್ತಿರಿ. ಬಂದ ಪಾರ್ಸೆಲ್ಲನ್ನು ಉಚಿತ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಗಂಟೆಗಳ ಲೆಕ್ಕದಲ್ಲಿ ವಾರ್ಫೇಜ್ ಶುಲ್ಕ ಏರುತ್ತದೆ, ಮೊಬೈಲಿಗೆ ಸಂದೇಶ ಬರಲೆಂದು ಕಾಯಬೇಡಿ. ಬೈಕನ್ನು ಪಡೆದ ಮೇಲೆ ಸಹಿ ಹಾಕುವ ಮೊದಲು ಗೋಣಿಯನ್ನು ಬಿಚ್ಚಿಸಿ, ಮೊದಲು ತೆಗೆದಿಟ್ಟ ಫೋಟೋಗಳೊಂದಿಗೆ ಹೋಲಿಸಿ ನೋಡಿ. ಏನಾದರೂ ಹಾನಿ ಕಂಡರೆ ಬೈಕನ್ನು ಹೊರಗೆ ಒಯ್ಯುವ ಮುಂಚೆಯೇ ಲಿಖಿತವಾಗಿ ದಾಖಲಿಸಿ, ಅದರ ಪ್ರತಿಯೊಂದನ್ನು ಪಡೆದುಕೊಳ್ಳಿ.