ಹಿಂದಿರುಗಿ ಬಂದವರ ಲೆಕ್ಕ

ಜುಲೈ 16, 2024, ಮಂಗಳವಾರ

ಪೈಲಟ್ ತರಬೇತಿಯಲ್ಲಿರುವ ಮಕ್ಕಳ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇವತ್ತೂ ಅದೇ ಪ್ರಶ್ನೆ: ನಿಮ್ಮವರದು ಎಷ್ಟು ಗಂಟೆ ಹಾರಾಟ ಆಯಿತು? ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ತರಬೇತಿಗೆಂದು ಮಾಡಿದ ಸಾಲದ ಕಂತು ಮಳೆಗಾಲಕ್ಕೆ ಕಾಯುವುದಿಲ್ಲ, ನಿಜ. ಆದರೂ ಮೋಡ ಕವಿದಿದೆಯೆಂದು ಮಗಳ ಪಾಠ ರದ್ದಾದಾಗಲೆಲ್ಲ ನನಗೆ ಆಗುವುದು ನೆಮ್ಮದಿಯೇ.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತೀರಿಕೊಂಡು ಇವತ್ತಿಗೆ 25 ವರ್ಷ. 1999ರ ಜುಲೈ 16ರ ರಾತ್ರಿ, ಹೆಂಡತಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ಒಂಟಿ ಇಂಜಿನ್ನಿನ ಪೈಪರ್ ಸಾರಾಟೋಗ ವಿಮಾನವನ್ನು ತಾವೇ ನಡೆಸುತ್ತ ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದತ್ತ ಹೊರಟಿದ್ದರು. ಬಿರುಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಕಡಲ ಮೇಲೆ ಮಬ್ಬು ಮತ್ತು ಕತ್ತಲೆ, ಅಷ್ಟೇ. ದಿಗಂತ ಕಾಣದೆ ದಿಕ್ಕಿನ ಅರಿವು ತಪ್ಪಿ ವಿಮಾನ ನೀರಿಗೆ ಬಿತ್ತು. ಬರೀ ಉಪಕರಣಗಳನ್ನು ನೋಡಿ ಹಾರುವ ಅರ್ಹತಾಪತ್ರ ಅವರ ಬಳಿ ಇರಲಿಲ್ಲ.

ಇಲ್ಲಿ ಮೋಸ ಮಾಡುವುದು ನಮ್ಮದೇ ಕಿವಿ. ಒಳಕಿವಿಯ ದ್ರವ ತಲೆ ತಿರುಗಿದ್ದನ್ನು ಮಿದುಳಿಗೆ ತಿಳಿಸುತ್ತದೆ. ಆದರೆ ವಿಮಾನ ಒಂದೇ ಸಮನೆ ವಾಲಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಅದರ ವೇಗಕ್ಕೆ ಹೊಂದಿಕೊಂಡು, ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸತೊಡಗುತ್ತದೆ. ಆಗ ನಿಜಕ್ಕೂ ನೆಟ್ಟಗೆ ಮಾಡಿದರೆ ಎದುರು ದಿಕ್ಕಿಗೆ ವಾಲಿದ ಭ್ರಮೆ. ಕೈ ತಾನಾಗಿಯೇ ಮೊದಲು ವಾಲಿದ್ದ ಕಡೆಗೇ ಮರಳುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟ ಗೊತ್ತಿಲ್ಲದ 20 ಮಂದಿಯನ್ನು ಪರೀಕ್ಷಿಸಿದರು. ಹೊರಗಿನ ನೋಟ ಮರೆಯಾದ ಮೇಲೆ ಅವರು ವಿಮಾನವನ್ನು ಹತೋಟಿಯಲ್ಲಿ ಇಟ್ಟುಕೊಂಡದ್ದು ಸರಾಸರಿ 178 ಸೆಕೆಂಡು. ಎಲ್ಲರೂ ಹತೋಟಿ ಕಳೆದುಕೊಂಡವರೇ. ಆ ಸಂಶೋಧನೆಯ ಉದ್ದೇಶ ಹೆದರಿಸುವುದಾಗಿರಲಿಲ್ಲ. ಮೋಡ ಹೊಕ್ಕವರು ಉಪಕರಣ ನೋಡುತ್ತ ನಿಧಾನವಾಗಿ 180 ಡಿಗ್ರಿ ತಿರುಗಿ, ಬಂದ ದಾರಿಯಲ್ಲೇ ಹೊರಬರುವುದನ್ನು ಕಲಿಸುವುದಾಗಿತ್ತು. ಅದನ್ನು ಕಲಿಸಬಹುದು ಎಂದೂ ಸಾಬೀತಾಯಿತು.

ನನಗೆ ಬಹಳ ಅಚ್ಚರಿ ತಂದ ವಿಷಯ ಮಂಜುಗಡ್ಡೆಯದು. ಮಗಳು ಹಾರಿಸುವ ಸೆಸ್ನಾ 152 ವಿಮಾನದ ಇಂಜಿನ್ನಿಗೆ ಕಾರ್ಬುರೇಟರ್ ಇದೆ, ಅಂದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ. ಪೆಟ್ರೋಲು ಆವಿಯಾಗುವಾಗ ಅದರೊಳಗೆ ಎಷ್ಟು ತಂಪಾಗುತ್ತದೆಂದರೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಗಾಳಿಯ ತೇವ ಒಳಗೆ ಮಂಜುಗಟ್ಟಿ ಇಂಜಿನ್ನಿನ ಉಸಿರು ಕಟ್ಟುತ್ತದೆ. ನಮ್ಮ ಮಳೆಗಾಲದ ಹವೆಯೇ ಸಾಕು! ಆಗ ಅದರೊಳಗೆ ಬಿಸಿ ಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಬೇಕು. ಗಡ್ಡೆ ಕರಗಿ ನೀರು ಒಳಹೋಗುವಾಗ ಇಂಜಿನ್ ಮೊದಲಿಗಿಂತಲೂ ಕೆಟ್ಟದಾಗಿ ಕೆಮ್ಮುತ್ತದೆ. ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳಿದರೆ ಕೆಟ್ಟಿತು. ಎಳೆದ ಕೈ ತಡೆದುಕೊಂಡಿರಬೇಕು.

ಇಂಜಿನ್ ನಿಂತೇ ಹೋದರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. 60 ನಾಟ್ (ಗಂಟೆಗೆ ಸುಮಾರು 111 ಕಿ.ಮೀ.) ವೇಗ ಕಾಯ್ದುಕೊಂಡರೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ಅಷ್ಟರಲ್ಲಿ ಹೊಲ ಹುಡುಕಬೇಕು, ಇಂಧನ ನಿಲ್ಲಿಸಬೇಕು, ನೆಲ ಮುಟ್ಟುವ ಮುಂಚೆಯೇ ಬಾಗಿಲಿನ ಚಿಲಕ ತೆಗೆದಿರಬೇಕು. ಪೆಟ್ಟು ಬಿದ್ದು ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಈ ಚಿಲಕದ ಮಾತನ್ನು ಮಗಳು ಪಾಠ ಒಪ್ಪಿಸುವಂತೆ ಹೇಳಿದಾಗ ನನ್ನ ಗಂಟಲು ಕಟ್ಟಿತು.

ಕಳೆದ ವರ್ಷ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ್ದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಮಾತ್ರ. ಕೆಲವರು ಅದನ್ನು ‘ಪತನ’ ಎಂದರು. ನಾನು ಅದನ್ನು ಜಾಣ್ಮೆಯ ಕೆಲಸ ಎನ್ನುತ್ತೇನೆ. ಗುಂಪಿನಲ್ಲಿ ಇವತ್ತು ಅದನ್ನೇ ಬರೆದೆ: ಗಂಟೆ ಕೇಳುವುದನ್ನು ಬಿಡೋಣ, ಹವೆ ಸರಿಯಿಲ್ಲವೆಂದು ಹಿಂದಿರುಗಿದ ದಿನ ಮಕ್ಕಳ ಬೆನ್ನು ತಟ್ಟೋಣ. ಮಗಳಿಗೂ ಹೇಳಿದ್ದೇನೆ, ಹೊಲದಲ್ಲಿ ಇಳಿಸಬೇಕಾಗಿ ಬಂದರೆ ವಿಮಾನದ ಬೆಲೆಯನ್ನಾಗಲಿ ನಮ್ಮ ಸಾಲವನ್ನಾಗಲಿ ನೆನೆಯಬೇಡ, ಇಳಿಸಿಬಿಡು ಎಂದು.