ಚೂಡಿದಾರದ ಲಾಡಿ ಮತ್ತು ಪಿಸ್ತೂಲಿನ ಭಾರ

ಡಲ್ಲಾಸ್ ಸಮೀಪದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದೇನೆ. ಸಂಜೆ ಪಾಳಿ ಮುಗಿಸಿ, ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ ಹೊರಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ ದಾಟಿರುತ್ತದೆ. ಮೂರು ವರ್ಷಗಳ ಹಿಂದೆ ಅಂಥದೊಂದು ರಾತ್ರಿ, ಕಾರು ನಿಲ್ಲಿಸುವ ಕಟ್ಟಡದ ಮೂರನೆಯ ಮಹಡಿಯಲ್ಲಿ ಗುರುತಿಲ್ಲದ ಒಬ್ಬ ಗಂಡಸು ನನ್ನ ಹಿಂದೆಯೇ ಬಂದ. ನಾನು ಬೇಗ ಬೇಗ ನಡೆದರೆ ಅವನೂ ಬೇಗ ನಡೆದ. ಕಾರಿನೊಳಗೆ ಕೂತು ಬಾಗಿಲು ಭದ್ರ ಮಾಡಿಕೊಂಡ ಮೇಲೆ ಅವನು ಕಿಟಕಿಯ ಗಾಜಿಗೆ ಅಂಗೈ ಒತ್ತಿ, ಒಂದು ಮಾತನ್ನೂ ಆಡದೆ, ನಾನು ಕಾರು ಹಿಂದಕ್ಕೆ ತೆಗೆಯುವವರೆಗೂ ನೋಡುತ್ತಾ ನಿಂತಿದ್ದ. ಮನೆ ತಲುಪಿ ದೀಪ ಹಾಕಿದಾಗ ಐದು ಬೆರಳುಗಳ ಜಿಡ್ಡು ಗಾಜಿನ ಮೇಲೆ ಹಾಗೆಯೇ ಉಳಿದಿತ್ತು. ಅದನ್ನು ಒರೆಸುತ್ತಿರುವಾಗಲೇ ಪಿಸ್ತೂಲು ಕೊಳ್ಳುವ ಯೋಚನೆ ನನಗೆ ಮೊದಲ ಬಾರಿ ಬಂದದ್ದು.

ಬಂದೂಕು ನನಗೆ ಹೊಸದೇನೂ ಆಗಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ದೊಡ್ಡಪ್ಪನ ಜೋಡುನಳಿಗೆ ಕೋವಿ ಇತ್ತು. ಕಾಡುಹಂದಿ, ಮಂಗಗಳನ್ನು ಬೆದರಿಸಲು ಅದನ್ನು ಹೊರಗೆ ತೆಗೆಯುತ್ತಿದ್ದರು. ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಒಯ್ದು ಠೇವಣಿ ಇಟ್ಟು, ಫಲಿತಾಂಶದ ನಂತರ ಮರಳಿ ತರುತ್ತಿದ್ದರು. ಕೋವಿ ಸ್ವಚ್ಛ ಮಾಡುವಾಗ ಹತ್ತಿರ ಕೂತ ಮಕ್ಕಳಿಗೆಲ್ಲ ದೊಡ್ಡಪ್ಪ ಹೇಳುತ್ತಿದ್ದ ಮಾತು ಒಂದೇ: "ಖಾಲಿ ಇದೆ ಅಂತ ಯಾವತ್ತೂ ನಂಬಬೇಡಿ." ಆದರೆ ಆ ಮನೆಯ ಹೆಂಗಸರು ಯಾರೂ ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಕೊಡಗಿನಲ್ಲಿ ಹಾಗಲ್ಲ, ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡುವ ಮನೆಗಳ ಹೆಣ್ಣುಮಕ್ಕಳು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಿಲ್ಲುತ್ತಾರೆ. ಆದರೂ ಮೈಗೆ ತಾಗಿಸಿಕೊಂಡು, ಯಾರಿಗೂ ಕಾಣದಂತೆ, ದಿನವೂ ಒಯ್ಯುವ ಕೈಬಂದೂಕು ತೋಟದ ಕೋವಿಗಿಂತ ತೀರ ಬೇರೆ ಬಗೆಯ ವಸ್ತು ಎಂಬುದು ನನಗೆ ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು.

ಮೊದಲು ಕಾನೂನಿನ ಮಾತು, ಏಕೆಂದರೆ ಇಲ್ಲಿನ ನಮ್ಮವರಲ್ಲಿ ಅನೇಕರು ಇದರಲ್ಲಿ ಎಡವುತ್ತಾರೆ. ಎಚ್-1ಬಿ, ಎಚ್-4, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಇರುವವರು, ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಅಮೆರಿಕದ ಫೆಡರಲ್ ಕಾನೂನಿನಂತೆ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಗೆಳೆಯರ ಜೊತೆ ಗುಂಡು ಹೊಡೆಯುವ ಅಭ್ಯಾಸದ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆಗೆ ಪಡೆದು ಹಿಡಿದರೂ ತೊಂದರೆಗೆ ಸಿಕ್ಕಿಕೊಳ್ಳಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ನಮ್ಮ ಗ್ರೀನ್ ಕಾರ್ಡ್ ಬಂದು ಆಗ ಒಂದು ವರ್ಷ ಕಳೆದಿತ್ತು.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ಯಾವ ಕಾರಣಕ್ಕೂ ನಿಷೇಧಕ್ಕೆ ಒಳಗಾಗದ 21 ವರ್ಷ ತುಂಬಿದವರು ಪರವಾನಗಿ ಇಲ್ಲದೆಯೇ ಕೈಬಂದೂಕನ್ನು ಒಯ್ಯಬಹುದು. ಹಾಗಿದ್ದರೂ ನಾನು ತರಗತಿಗೆ ಸೇರಿ ಪರವಾನಗಿ ಪಡೆದೆ. ಅದಕ್ಕೆ ತಾಯಿಯಾಗಿ ನನಗಿದ್ದ ಕಾರಣವನ್ನು ಹೇಳಬೇಕು. ಫೆಡರಲ್ ಕಾನೂನು ಶಾಲೆಯ ಸುತ್ತಲಿನ 1000 ಅಡಿ ಪ್ರದೇಶದಲ್ಲಿ ಬಂದೂಕನ್ನು ನಿಷೇಧಿಸುತ್ತದೆ, ಆದರೆ ಆ ರಾಜ್ಯದ ಪರವಾನಗಿ ಇರುವವರಿಗೆ ವಿನಾಯಿತಿ ಕೊಡುತ್ತದೆ. ಬೆಳಿಗ್ಗೆ ಮಗಳನ್ನು ಶಾಲೆಯ ಬಾಗಿಲಲ್ಲಿ ಇಳಿಸುವ ತಾಯಿ ತನಗೆ ಅರಿವಿಲ್ಲದೆಯೇ ಅಪರಾಧಿ ಆಗಿಬಿಡಬಹುದು. ಇನ್ನು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಟೆಕ್ಸಸ್ ಪರವಾನಗಿಗೆ ಬೆಲೆಯೇ ಇಲ್ಲ. ಅಲ್ಲಿನ ನೆಂಟರ ಮನೆಗೆ ಹೊರಟಾಗ ನನ್ನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪರವಾನಗಿಯ ಪರೀಕ್ಷೆಯಲ್ಲಿ 3, 7 ಮತ್ತು 15 ಗಜಗಳ ದೂರದಿಂದ ಒಟ್ಟು 50 ಗುಂಡು ಹೊಡೆಯಬೇಕು. 250 ಅಂಕಗಳಿಗೆ 175 ಬಂದರೆ ತೇರ್ಗಡೆ. ಅದೇನೂ ಕಷ್ಟದ ಪರೀಕ್ಷೆಯಲ್ಲ. ಸ್ಥಿರವಾಗಿ ನಿಂತ ಕಾಗದಕ್ಕೆ ಗುರಿ ಹಿಡಿದವಳು ಕತ್ತಲಲ್ಲಿ ಓಡಿಬರುವ ಮನುಷ್ಯನ ಎದುರು ಏನು ಮಾಡುತ್ತಾಳೆ ಎಂಬುದನ್ನು ಅದು ಅಳೆಯುವುದೂ ಇಲ್ಲ.

ಈ ರಾಜ್ಯದ ಕಾನೂನು ಹೀಗೆ ರೂಪುಗೊಳ್ಳುವುದರಲ್ಲಿ ಒಬ್ಬ ಹೆಂಗಸಿನ ಪಾತ್ರ ದೊಡ್ಡದು. 1991ರ ಅಕ್ಟೋಬರ್ 16ರಂದು ಕಿಲೀನ್ ಪಟ್ಟಣದ ಲೂಬೀಸ್ ಕೆಫೆಟೇರಿಯಾದ ಮುಂಭಾಗದ ಗಾಜು ಒಡೆದು ಟ್ರಕ್ ನುಗ್ಗಿಸಿದ ಹಂತಕನೊಬ್ಬ 23 ಜನರನ್ನು ಗುಂಡಿಕ್ಕಿ ಕೊಂದ. ತಂದೆ ತಾಯಿಯ ಜೊತೆ ಊಟಕ್ಕೆ ಕೂತಿದ್ದ ಸುಜಾನಾ ಹಪ್ ತಮ್ಮ ಚೀಲಕ್ಕೆ ಕೈ ಹಾಕಿದರು. ರಿವಾಲ್ವರ್ ಅಲ್ಲಿರಲಿಲ್ಲ. ಬಚ್ಚಿಟ್ಟುಕೊಂಡು ಒಯ್ಯುವುದು ಆಗ ಅಪರಾಧವಾಗಿದ್ದರಿಂದ, ಸಿಕ್ಕಿಬಿದ್ದರೆ ತಮ್ಮ ವೃತ್ತಿಯ ಪರವಾನಗಿ ಹೋದೀತೆಂದು ಅವರು ಅದನ್ನು ಕಾರಿನಲ್ಲೇ ಬಿಟ್ಟಿದ್ದರು. ತಂದೆ ತಾಯಿ ಇಬ್ಬರೂ ಅಲ್ಲಿಯೇ ಪ್ರಾಣ ಕಳೆದುಕೊಂಡರು. ಆ ಬಳಿಕ ಅವರು ಊರೂರಿಗೆ, ಸಭೆ ಸಭೆಗೆ ಹೋಗಿ ಸಾಕ್ಷ್ಯ ನುಡಿದರು. 1995ರಲ್ಲಿ ಅಂದಿನ ಗವರ್ನರ್ ಜಾರ್ಜ್ ಬುಷ್ ಪರವಾನಗಿ ಕಾನೂನಿಗೆ ಸಹಿ ಹಾಕಿದರು, 1996ರಲ್ಲಿ ಹಪ್ ತಾವೇ ಟೆಕ್ಸಸ್ ಶಾಸನಸಭೆಗೆ ಆಯ್ಕೆಯಾದರು. ಬಂದೂಕಿನ ಕುರಿತ ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಖಾಲಿ ಚೀಲದೊಳಗೆ ತಡಕಾಡಿದ ಆ ಕೈಯ ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊಳ್ಳಲು ಹೋದ ಮೊದಲ ಅಂಗಡಿಯಲ್ಲಿ ಮಾರಾಟಗಾರ ನನ್ನನ್ನು ಒಮ್ಮೆ ನೋಡಿ, "ಹೆಂಗಸರಿಗೆ ಇದೇ ಸರಿ" ಎಂದು ಗುಲಾಬಿ ಹಿಡಿಯ ಒಂದು ಪುಟ್ಟ ಪಿಸ್ತೂಲನ್ನು ಗಾಜಿನ ಮೇಲಿಟ್ಟ. ಅಂಗೈಯಲ್ಲಿ ಮುದ್ದಾಗಿ ಕೂರುವ ಅದನ್ನು ಅಲ್ಲಿಯೇ ಕೊಂಡುಬಿಡುವವಳಿದ್ದೆ. ಕೊಳ್ಳದಂತೆ ತಡೆದವರು ನಮ್ಮ ತರಗತಿಯ ಶಿಕ್ಷಕಿ. ಪೊಲೀಸ್ ಕೆಲಸದಿಂದ ನಿವೃತ್ತರಾದ, ಅರುವತ್ತು ದಾಟಿದ ಆ ಹೆಂಗಸು ರೇಂಜಿನಲ್ಲಿ ನನ್ನ ಕೈಗೆ ಒಂದಾದ ಮೇಲೊಂದರಂತೆ ಆರು ಬಂದೂಕುಗಳನ್ನು ಕೊಟ್ಟರು. ಹಗುರವಾದಷ್ಟೂ ಬಂದೂಕು ಕೈಗೆ ಹೆಚ್ಚು ಒದೆಯುತ್ತದೆ. ಪುಟ್ಟ ಹಿಡಿಯಲ್ಲಿ ಕಿರುಬೆರಳಿಗೆ ಜಾಗವೇ ಸಿಗುವುದಿಲ್ಲ. ಒದೆತಕ್ಕೆ ಹೆದರಿದವಳು ಅಭ್ಯಾಸವನ್ನೇ ಬಿಡುತ್ತಾಳೆ. ಸ್ಮಿತ್ ಅಂಡ್ ವೆಸನ್ 642 ಎಂಬ ಐದು ಗುಂಡುಗಳ ರಿವಾಲ್ವರ್ ನಾನೂರು ಗ್ರಾಂ ಆಸುಪಾಸಿನದು, ನೋಡಲು ಸರಳ. ಆದರೆ ಅದರ ಟ್ರಿಗರ್ ಎಳೆಯಲು ಬೇಕಾಗುವ ಬಲದಲ್ಲಿ ನಳಿಗೆ ಪಕ್ಕಕ್ಕೆ ವಾಲುತ್ತಿತ್ತು, ಹತ್ತು ಗುಂಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಾಗಿತ್ತು.

ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಅನ್ನು ಹಿಂದಕ್ಕೆ ಎಳೆಯುವುದು ಹೆಂಗಸರಿಗೆ ಆಗದ ಕೆಲಸ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕೈ ಚಾಚಿ, ಬೆರಳ ತುದಿಯಲ್ಲಿ ಚಿವುಟಿ ಎಳೆದರೆ ಗಂಡಸರಿಗೂ ಕಷ್ಟವೇ. ಶಿಕ್ಷಕಿ ಅದನ್ನು ಎದೆಯ ಹತ್ತಿರಕ್ಕೆ ತಂದು, ಎಡಗೈಯ ಇಡೀ ಮುಷ್ಟಿಯಿಂದ ಸ್ಲೈಡನ್ನು ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಲು ಹೇಳಿದರು. ಬಾವಿಯಿಂದ ನೀರು ಸೇದುವಾಗ ತೋಳಿಗಿಂತ ಮೈಯ ಭಾರವನ್ನೇ ಹಗ್ಗಕ್ಕೆ ಕೊಡುತ್ತೇವಲ್ಲ, ಹಾಗೆಯೇ ಇದು. ಮೂರನೆಯ ಪ್ರಯತ್ನಕ್ಕೆ ಸರಾಗವಾಗಿ ಬಂತು. ಕೊನೆಗೆ ನಾನು ಆರಿಸಿಕೊಂಡದ್ದು ಅದೇ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಈಝೀ (EZ) ಎಂಬ 9 ಮಿ.ಮೀ. ಪಿಸ್ತೂಲು, ಎಂಟು ಗುಂಡಿನ ಮ್ಯಾಗಜಿನ್, ಖಾಲಿ ಇದ್ದಾಗ ಸುಮಾರು 650 ಗ್ರಾಂ, ಹಿಡಿಯನ್ನು ಪೂರ್ತಿ ಒತ್ತಿ ಹಿಡಿಯದೆ ಹಾರದಂತೆ ಹಿಂಬದಿಯಲ್ಲಿ ಒಂದು ತಡೆ. ಈ ಮಾದರಿಯ ಕೆಲವು ಪಿಸ್ತೂಲುಗಳಲ್ಲಿ ಗುಂಡು ಹಾರಿಸಲು ಬಡಿಯುವ ಹ್ಯಾಮರ್ ಎಂಬ ಭಾಗದಲ್ಲಿ ದೋಷವಿದ್ದು 2020ರಲ್ಲಿ ಕಂಪನಿ ಅವುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು, ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸರಣಿ ಸಂಖ್ಯೆಯನ್ನು ಪರಿಶೀಲಿಸಲೇಬೇಕು. ಭಾರತದಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಿತ್ತು, ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. ಹೆಣ್ಣು ಎಂದೊಡನೆ ಹಗುರವಾದದ್ದನ್ನು ಮುಂದಿಡುವ ಈ ಅಭ್ಯಾಸದ ಬಗ್ಗೆ ನನ್ನ ತಕರಾರಿದೆ. ಕೈಯ ಅಳತೆ, ಬೆರಳಿನ ಉದ್ದ, ಒಗ್ಗಿದ ಅಭ್ಯಾಸ ಇವನ್ನು ನೋಡಿ ಆರಿಸಬೇಕು.

ಕೊಂಡ ಮೇಲೆ ಎಲ್ಲಿ ಇಟ್ಟುಕೊಳ್ಳುವುದು? ಇಲ್ಲಿಯೇ ನನಗೆ ಅತ್ಯಂತ ಕಷ್ಟವಾದದ್ದು. ಪಿಸ್ತೂಲು ಸಿಕ್ಕಿಸುವ ಹೋಲ್‌ಸ್ಟರುಗಳೆಲ್ಲ ಗಂಡಸರ ದಪ್ಪ ಬೆಲ್ಟಿಗೆ, ನೇರ ಸೊಂಟಕ್ಕೆ ಮಾಡಿದಂಥವು. ಆಸ್ಪತ್ರೆಯ ಸಮವಸ್ತ್ರದ ಪ್ಯಾಂಟಿಗೂ ಚೂಡಿದಾರಕ್ಕೂ ಇರುವುದು ಲಾಡಿ ಮಾತ್ರ. ಗುಂಡು ತುಂಬಿದ ಮುಕ್ಕಾಲು ಕಿಲೋ ಭಾರ ಸಿಕ್ಕಿಸಿದರೆ ಅದು ನಾಲ್ಕು ಹೆಜ್ಜೆಗೆ ಜಾರತೊಡಗುತ್ತದೆ. ಒಂದು ಭಾನುವಾರ ಬಾಗಿಲು ಹಾಕಿಕೊಂಡು, ಖಾಲಿ ಪಿಸ್ತೂಲಿನೊಂದಿಗೆ ಕನ್ನಡಿಯ ಮುಂದೆ ನನ್ನ ಎಲ್ಲ ಬಟ್ಟೆಗಳನ್ನೂ ತೊಟ್ಟು ನೋಡಿದೆ: ಬಗ್ಗಿ, ಕೂತು, ಕೈ ಎತ್ತಿ, ಮಗಳನ್ನು ಎತ್ತಿಕೊಳ್ಳುವವಳಂತೆ ಮಂಡಿಯೂರಿ. ಸೀರೆಯಲ್ಲಿ ಅಡಗಿಸುವುದು ಸುಲಭ, ಆದರೆ ಸೆರಗು ಸರಿಸಿ ಹೊರಗೆ ತೆಗೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ ಅದನ್ನು ಒಯ್ಯುವುದರಲ್ಲಿ ಅರ್ಥವೇ ಇರಲಿಲ್ಲ. ಕೊನೆಗೆ ಹೊಂದಿಕೊಂಡದ್ದು ಕುರ್ತಾದ ಒಳಗೆ ಹೊಟ್ಟೆಯ ಸುತ್ತ ಕಟ್ಟುವ ಅಗಲವಾದ ಪಟ್ಟಿ, ಅದರೊಳಗೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಡುಸು ಪ್ಲಾಸ್ಟಿಕ್ಕಿನ ಕವಚ. ಬೇಸಿಗೆಯಲ್ಲಿ ಅದರ ಕೆಳಗೆ ಬೆವರುಸಾಲೆ ಏಳುತ್ತದೆ.

ಬ್ಯಾಗಿನಲ್ಲಿ ಇಟ್ಟುಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಪಿಸ್ತೂಲಿಗೆಂದೇ ಜಿಪ್ ಇರುವ ಚಂದದ ಬ್ಯಾಗುಗಳು ಮಾರುಕಟ್ಟೆಯಲ್ಲಿವೆ. 2014ರ ಡಿಸೆಂಬರಿನಲ್ಲಿ ಇಡಾಹೊ ರಾಜ್ಯದ ಹೇಡನ್‌ನಲ್ಲಿ, ಅಂಗಡಿಯೊಂದರೊಳಗೆ, ಎರಡು ವರ್ಷದ ಕೂಸು ತಾಯಿಯ ಅಂಥದೇ ಬ್ಯಾಗಿನ ಜಿಪ್ ತೆರೆದು ಪಿಸ್ತೂಲು ಹೊರಗೆಳೆಯಿತು. ಹಾರಿದ ಗುಂಡಿಗೆ ತಾಯಿ ಅಲ್ಲಿಯೇ ಸತ್ತಳು. ಆಕೆ ಬಂದೂಕಿನ ಬಳಕೆ ಬಲ್ಲವಳು, ಪರವಾನಗಿ ಇದ್ದವಳು. ಬ್ಯಾಗನ್ನು ನಾವು ಕುರ್ಚಿಗೆ ತಗುಲಿಸುತ್ತೇವೆ, ದೇವಸ್ಥಾನದಲ್ಲಿ ಗೆಳತಿಯ ಕೈಗೆ ಕೊಟ್ಟು ಪ್ರದಕ್ಷಿಣೆಗೆ ಹೋಗುತ್ತೇವೆ, ಚಾಕಲೇಟು ಹುಡುಕಲು ಮಕ್ಕಳಿಗೆ ಬಿಡುತ್ತೇವೆ. ದಯವಿಟ್ಟು ಬ್ಯಾಗಿನಲ್ಲಿ ಇಡಬೇಡಿ. ಇದಕ್ಕೆ ಸೇರಿಸಿ ಇನ್ನೊಂದು ಮಾತು: ರೇಂಜಿಗೆ ಒಯ್ದ ಚೀಲವನ್ನು ಊರಿಗೆ ಹೋಗುವಾಗ ಎಂದೂ ಬಳಸಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆಗೆ ಅಷ್ಟು ಸಾಕು.

ಮನೆಯೊಳಗಿನ ಅಪಾಯವನ್ನು ನಾನು ನರ್ಸ್ ಆಗಿ ಮುಚ್ಚಿಡಲಾರೆ. ಕ್ಯಾಲಿಫೋರ್ನಿಯಾದ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಕೈಬಂದೂಕು ಹೊಂದಿದ ಹೆಂಗಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಹೊಂದಿಲ್ಲದ ಹೆಂಗಸರಿಗಿಂತ 35 ಪಟ್ಟಿಗೂ ಹೆಚ್ಚು. ಅದೇ ರಾಜ್ಯದ 2022ರ ಮತ್ತೊಂದು ಅಧ್ಯಯನ ತಾವು ಬಂದೂಕು ಹೊಂದಿರದೆ, ಹೊಂದಿದವರ ಜೊತೆ ವಾಸಿಸುವವರನ್ನು ಕುರಿತದ್ದು. ಅಂಥವರು ಸಂಗಾತಿಯ ಗುಂಡಿಗೆ ಮನೆಯಲ್ಲೇ ಬಲಿಯಾಗುವ ಪ್ರಮಾಣ ಏಳು ಪಟ್ಟು, ಹಾಗೆ ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಹೊಡೆಯುವ ಗಂಡನಿರುವ ಮನೆಗೆ ರಕ್ಷಣೆಗೆಂದು ತಂದ ಬಂದೂಕು ಯಾರ ಕೈಗೆ ಸೇರುತ್ತದೆ ಎಂದು ಯೋಚಿಸಬೇಕು. ಅಂಥ ಹೆಂಗಸಿಗೆ ಮೊದಲು ಬೇಕಾದದ್ದು ಆ ಮನೆಯಿಂದ ಹೊರಬರುವ ದಾರಿ, ನ್ಯಾಯಾಲಯದ ರಕ್ಷಣಾ ಆದೇಶ. ಅಪಾಯಕಾರಿ ಎಂದು ಕಂಡುಬಂದು ಅಂಥ ಆದೇಶಕ್ಕೆ ಒಳಗಾದ ಗಂಡಸು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು, ಟೆಕ್ಸಸ್‌ನಿಂದಲೇ ಹೋದ ಪ್ರಕರಣದಲ್ಲಿ, 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ನಮ್ಮ ಮನೆಯಲ್ಲಿ ಪಿಸ್ತೂಲು ಬೆರಳಚ್ಚಿಗೆ ತೆರೆಯುವ ಉಕ್ಕಿನ ಪೆಟ್ಟಿಗೆಯಲ್ಲಿರುತ್ತದೆ, ಉಳಿದ ತೋಟಾಗಳು ಬೇರೆ ಕೋಣೆಯ ಬೀಗದಲ್ಲಿ. ನಮ್ಮಿಬ್ಬರಲ್ಲಿ ಯಾರ ಮನಸ್ಸು ಕುಸಿದರೂ ಅದು ಆ ದಿನವೇ ಮನೆಯಿಂದ ಹೊರಗೆ ಹೋಗಬೇಕೆಂದು ಪತಿಯೂ ನಾನೂ ಕೊಳ್ಳುವ ಮೊದಲೇ ಮಾತಾಡಿಕೊಂಡಿದ್ದೇವೆ. ಎರಡು ವರ್ಷಗಳ ಹಿಂದೆ ಅಮ್ಮ ತೀರಿಕೊಂಡು, ಊರಿಗೆ ಹೋಗಿ ಮುಖ ನೋಡಲೂ ಆಗದೆ ನಾನು ನಿದ್ದೆಗೆಟ್ಟಿದ್ದಾಗ ಪತಿ ಅದನ್ನು ನನ್ನಿಂದ ಕೇಳಿ ಪಡೆದು ಶಿಕ್ಷಕಿಯ ಬಳಿ ಬಿಟ್ಟುಬಂದರು. ನಾಲ್ಕು ತಿಂಗಳು ಅದು ಅಲ್ಲಿಯೇ ಇತ್ತು. ಅವರು ಕೇಳಿದ್ದು ಸರಿ, ನಾನು ಕೊಟ್ಟದ್ದೂ ಸರಿ.

ಇಷ್ಟೆಲ್ಲ ಮಾಡಿಯೂ, ನಾನು ಹೆದರಿದ ಆ ಮೂರನೆಯ ಮಹಡಿಯಲ್ಲಿ ಪಿಸ್ತೂಲು ನನ್ನ ಮೈಮೇಲೆ ಇರುವುದಿಲ್ಲ. ಬಂದೂಕು ತರುವಂತಿಲ್ಲ ಎಂಬ ಕಾನೂನುಬದ್ಧ ಫಲಕ ಆಸ್ಪತ್ರೆಯ ಬಾಗಿಲಲ್ಲಿದೆ, ಇರುವುದೇ ಸರಿ ಎಂದು ನನ್ನ ಅಭಿಪ್ರಾಯ. 2011ರ ಕಾನೂನು ನೌಕರರಿಗೆ ಬೀಗ ಹಾಕಿದ ಸ್ವಂತ ಕಾರಿನಲ್ಲಿ ಇಡಲು ಅವಕಾಶ ಕೊಟ್ಟಿರುವುದರಿಂದ ಅದು ಸೀಟಿನ ಕೆಳಗೆ, ಉಕ್ಕಿನ ತಂತಿಯಿಂದ ಬಿಗಿದ ಪೆಟ್ಟಿಗೆಯಲ್ಲಿರುತ್ತದೆ. ವಾರ್ಡಿನಿಂದ ಕಾರಿನವರೆಗಿನ ಆ ಏಳು ನಿಮಿಷ ನಾನು ಭದ್ರತಾ ಸಿಬ್ಬಂದಿಯನ್ನು ಕರೆಯುತ್ತೇನೆ. ಬರಲು ತಡವಾದರೆ ಕಾಯುತ್ತೇನೆ, ಒಬ್ಬಳೇ ಹೊರಡುವುದಿಲ್ಲ. ಮೊಬೈಲು ಜೇಬಿನಲ್ಲಿ, ಎರಡೂ ಕೈ ಖಾಲಿ. ಪಿಸ್ತೂಲು ನನ್ನ ಜೊತೆ ಇರುವುದು ಅಲ್ಲಿಂದ ಮನೆಯವರೆಗಿನ ನಲವತ್ತು ನಿಮಿಷಗಳ ದಾರಿಗೆ, ಪೆಟ್ರೋಲ್ ಬಂಕಿನ ನಿಲುಗಡೆಗೆ.

ಮುಂದಿನ ಶನಿವಾರದ ತರಗತಿಗೆ ನಮ್ಮ ಕನ್ನಡ ಬಳಗದ ಇಬ್ಬರು ಬರುತ್ತಿದ್ದಾರೆ. "ಅಕ್ಕ, ಯಾವುದು ಕೊಂಡುಕೊಂಡು ಬರಲಿ?" ಎಂದು ಅವರಲ್ಲಿ ಒಬ್ಬಳು ಫೋನಿನಲ್ಲಿ ಕೇಳಿದಳು. ಏನೂ ಕೊಳ್ಳದೆ ಬಾ, ದಿನವೂ ಕೆಲಸಕ್ಕೆ ಹಾಕಿಕೊಳ್ಳುವ ಬಟ್ಟೆಯನ್ನೇ ಹಾಕಿಕೊಂಡು ಬಾ, ಗ್ರೀನ್ ಕಾರ್ಡ್ ಮರೆಯದೆ ತಾ ಎಂದಿದ್ದೇನೆ.